ಯೆಹೂದ್ಯ ವಿದ್ಯಾಸ್ಥಾನಗಳಲ್ಲಿ ಪಂಕ್ತಿಭೇದ

೧

ಒಂದೇ ಧರ್ಮಗ್ರಂಥವನ್ನು ಪಠಿಸಿ, ಒಬ್ಬನೇ ದೇವರನ್ನು ಆರಾಧಿಸಿ, ಒಂದೇ ಮೂಲಪುರುಷನ ಸಂತತಿಯೆಂದು ತಮ್ಮನ್ನು ಹೇಳಿಕೊಳ್ಳುವ ಜನರೊಳಗೆ ಮೈಬಣ್ಣವು ಭೇದಕ್ಕೆ ಕಾರಣವಾಗಬಲ್ಲುದೇ ಎಂಬ ಪ್ರಶ್ನೆಯನ್ನು ವಿಚಾರಿಸುವವರಿಗೆ ಯೆಹೂದ್ಯರ ಚರಿತ್ರೆಯಷ್ಟು ಉಪಯುಕ್ತವಾದ ನಿದರ್ಶನವು ದೊರೆಯುವುದು ವಿರಳ. ಅನ್ಯರು ಈ ಜನರನ್ನು ವಿದ್ಯಾಸ್ಥಾನಗಳಿಂದ ದೂರವಿರಿಸಲು ನಡೆಸಿದ ಪ್ರಯತ್ನಗಳು ಪ್ರಸಿದ್ಧವಾಗಿವೆ. ೧೯೨೦ರಲ್ಲಿ ಹಂಗೆರಿ ದೇಶವು ವಿಶ್ವವಿದ್ಯಾನಿಲಯಗಳಲ್ಲಿ ಅವರ ಸಂಖ್ಯೆಗೆ ಕಾನೂನಿನ ಮೂಲಕವೇ ಮಿತಿಯನ್ನು ಹಾಕಿತು. ೧೯೨೨ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷನಾಗಿದ್ದ ಲೋವೆಲ್ಲನು ಅಂಥದೇ ಒಂದು ಮಿತಿಯನ್ನು ಸೂಚಿಸಿದನು. ಆದರೆ ಪ್ರಕೃತ ವಿವೇಚಿಸಬೇಕಾಗಿರುವುದು ಹೊರಗಿನವರು ಮುಚ್ಚಿದ ಬಾಗಿಲನ್ನಲ್ಲ, ಮನೆಯೊಳಗಿನ ಗೋಡೆಯನ್ನು. ಯೆಹೂದ್ಯರು ತಮ್ಮ ಶಾಲೆಗಳಲ್ಲಿ, ತಮ್ಮ ಸಭಾಮಂದಿರಗಳಲ್ಲಿ, ತಮ್ಮ ವಿದ್ಯಾರ್ಥಿಸಂಘಗಳಲ್ಲಿ ಕಪ್ಪು ಮೈಯ ಅಥವಾ ಬೇರೆ ಮುಖಚರ್ಯೆಯ ಯೆಹೂದ್ಯರನ್ನು ಹೇಗೆ ಬರಮಾಡಿಕೊಂಡರು ಎಂಬುದೇ ಇಲ್ಲಿಯ ವಿಷಯ.

ಪಂಕ್ತಿಭೇದವೆಂಬ ಮಾತು ನಮ್ಮವರಿಗೆ ಚೆನ್ನಾಗಿ ತಿಳಿದದ್ದು. ಔತಣಕ್ಕೆ ಕರೆಯದೆ ಇರುವುದು ಒಂದು ಬಗೆ; ಕರೆದು, ಅದೇ ಅನ್ನವನ್ನೇ ಬಡಿಸಿ, ಬೇರೆ ಸಾಲಿನಲ್ಲಿ ಕುಳ್ಳಿರಿಸುವುದು ಇನ್ನೊಂದು ಬಗೆ. ಮೊದಲನೆಯದನ್ನು ನಿಷೇಧವೆನ್ನಬಹುದು. ಎರಡನೆಯದಕ್ಕೆ ನಿಷೇಧವೆಂಬ ಹೆಸರು ಸಲ್ಲದು; ಆದುದರಿಂದಲೇ ಅದನ್ನು ಗುರುತಿಸುವುದೂ ಖಂಡಿಸುವುದೂ ಹೆಚ್ಚು ಕಷ್ಟ. ಯೆಹೂದ್ಯ ಸಮಾಜದೊಳಗಿನ ವರ್ಣಭೇದವು ಬಹುಮಟ್ಟಿಗೆ ಈ ಎರಡನೆಯ ಬಗೆಗೆ ಸೇರಿದುದಾಗಿದೆ.

ಶಾಸ್ತ್ರದ ಮಾತನ್ನು ಮೊದಲು ನೋಡಬೇಕು. ರಬ್ಬಿಗಳ ಸಂಪ್ರದಾಯದಂತೆ ಯೆಹೂದ್ಯ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು ಯೆಹೂದ್ಯ. ವಿಧಿಪೂರ್ವಕವಾಗಿ ಮತವನ್ನು ಸ್ವೀಕರಿಸಿದವನೂ ಯೆಹೂದ್ಯನೇ. ಈ ಎರಡು ದ್ವಾರಗಳಲ್ಲಿ ಯಾವುದರಲ್ಲಿಯೂ ಬಣ್ಣದ ಪ್ರಸ್ತಾಪವಿಲ್ಲ. ದಾವೀದ ಮಹಾರಾಜನ ಮುತ್ತಜ್ಜಿಯಾದ ರೂತಳು ಮೋವಾಬ್ ದೇಶದವಳು. ಮೋಶೆಯು ಕೂಷ್ ದೇಶದ ಸ್ತ್ರೀಯನ್ನು ಮದುವೆಯಾದನೆಂದು ಆಕ್ಷೇಪಿಸಿದ ಮಿರ್ಯಾಮಳು ದೇವರ ಕೋಪಕ್ಕೆ ಗುರಿಯಾದಳೆಂದು ಅರಣ್ಯಕಾಂಡವು ಹೇಳುತ್ತದೆ. ಹೀಗೆ ಶಾಸ್ತ್ರವೂ ಪುರಾಣಕಥೆಯೂ ಒಂದೇ ಪಕ್ಷದಲ್ಲಿರುವಾಗ ಭೇದವು ಎಲ್ಲಿಂದ ಬಂದಿತೆಂಬುದು ವಿಚಾರಾರ್ಹವಾದ ಸಂಗತಿ.

ಇದಕ್ಕೆ ದಾರಿತೋರಿಸುವ ಕಥೆಯೊಂದು ತಾಲ್ಮೂದಿನ ಬೆರಾಖೋತ್ ಎಂಬ ಭಾಗದಲ್ಲಿದೆ. ರಬ್ಬಾನ್ ಗಮಲಿಯೇಲನು ವಿದ್ಯಾಶಾಲೆಯ ಮುಖ್ಯನಾಗಿದ್ದಾಗ ಬಾಗಿಲಿನಲ್ಲಿ ಕಾವಲುಗಾರನನ್ನು ನಿಲ್ಲಿಸಿದ್ದನಂತೆ. ಯಾರ ಅಂತರಂಗವು ಬಹಿರಂಗದಂತೆ ಇಲ್ಲವೋ ಅಂಥ ಶಿಷ್ಯನಿಗೆ ಪ್ರವೇಶವಿಲ್ಲವೆಂಬುದು ಅವನ ಕಟ್ಟಳೆ. ಗಮಲಿಯೇಲನನ್ನು ಆ ಸ್ಥಾನದಿಂದ ಇಳಿಸಿ ಎಲಿಯಾಜರ್ ಬೆನ್ ಅಜರ್ಯನನ್ನು ನೇಮಿಸಿದ ದಿವಸ ಕಾವಲುಗಾರನನ್ನು ತೆಗೆದುಹಾಕಿದರು. ಆ ದಿನವೇ ಶಾಲೆಯಲ್ಲಿ ಹೊಸ ಬೆಂಚುಗಳನ್ನು ಹಾಕಬೇಕಾಯಿತು. ಅವುಗಳ ಸಂಖ್ಯೆಯು ನಾನೂರೆಂದು ಒಂದು ಮತ, ಏಳುನೂರೆಂದು ಇನ್ನೊಂದು ಮತ. ಅದೇ ದಿನ ಅಮ್ಮೋನ್ ಜನಾಂಗದವನಾಗಿದ್ದು ಮತವನ್ನು ಸ್ವೀಕರಿಸಿದ್ದ ಯೆಹೂದನೆಂಬವನು ಬಂದು, ತಾನು ಸಭೆಯೊಳಗೆ ಸೇರಬಹುದೇ ಎಂದು ಕೇಳಿದನು. ಅಮ್ಮೋನಿಯರಿಗೆ ಶಾಸ್ತ್ರನಿಷೇಧವಿರುವುದರಿಂದ ಸೇರಕೂಡದೆಂದು ಗಮಲಿಯೇಲನು ವಾದಿಸಿದನು. ಅಶ್ಶೂರದ ಅರಸನಾದ ಸನ್ಹೇರೀಬನು ಜನಾಂಗಗಳನ್ನೆಲ್ಲ ಕಲಸಿಬಿಟ್ಟಮೇಲೆ ಯಾರು ಅಮ್ಮೋನಿಯರು, ಯಾರು ಅಲ್ಲ ಎಂದು ಹೇಳುವುದು ಅಸಾಧ್ಯವೆಂದು ಯೆಹೋಶುವನು ಉತ್ತರಕೊಟ್ಟನು. ಯೆಹೋಶುವನ ಮಾತೇ ಗೆದ್ದಿತು.

ಈ ಕಥೆಯಲ್ಲಿ ಗಮನಿಸತಕ್ಕುದು ಒಂದಿದೆ. ಕಾವಲುಗಾರನ ಕಟ್ಟಳೆಯು ಯೋಗ್ಯತೆಯ ಕಟ್ಟಳೆ. ಅದರಲ್ಲಿ ಕುಲದ ಮಾತಾಗಲಿ ದೇಶದ ಮಾತಾಗಲಿ ಇಲ್ಲ. ಆದರೂ ಅದನ್ನು ತೆಗೆದ ದಿನವೇ ಒಳಗಿನ ಜನಸಂಖ್ಯೆಯೂ ಬದಲಾಯಿತು, ಹೊರಕುಲದವನ ಪ್ರಶ್ನೆಯೂ ಇತ್ಯರ್ಥವಾಯಿತು. ಮುಂದೆ ವಿವರಿಸುವ ಒಂದೊಂದು ಪ್ರಸಂಗದಲ್ಲಿಯೂ ಇಂಥ ಒಬ್ಬ ಕಾವಲುಗಾರನಿದ್ದಾನೆ. ಅವನು ಬಣ್ಣದ ಹೆಸರನ್ನು ಎಂದೂ ಎತ್ತುವುದಿಲ್ಲ.

೨

ಮೊದಲನೆಯ ಪ್ರಸಂಗವು ಕೊಚ್ಚಿಯದು. ಮಲಬಾರಿನ ಯೆಹೂದ್ಯರು ಬಹು ಪ್ರಾಚೀನರು, ಕ್ರಿ. ಶ. ೧೦೦೦ದ ಸುಮಾರಿನಲ್ಲಿ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನನಿಗೆ ಕೊಟ್ಟ ತಾಮ್ರಶಾಸನವು ಅವರ ಗೌರವಕ್ಕೆ ಸಾಕ್ಷಿಯಾಗಿದೆ. ೧೬ನೆಯ ಶತಮಾನದಲ್ಲಿ ಸ್ಪೇನ್, ಪೋರ್ಚುಗಲ್, ಸಿರಿಯ ಮೊದಲಾದ ಕಡೆಗಳಿಂದ ಬಂದವರು ಮಟ್ಟಾಂಚೇರಿಯಲ್ಲಿ ನೆಲಸಿ, ೧೫೬೮ರಲ್ಲಿ ತಮ್ಮದೇ ಆದ ಸಭಾಮಂದಿರವನ್ನು ಕಟ್ಟಿಕೊಂಡರು. ಹೊರಗಿನಿಂದ ಬಂದ ಇವರಿಗೆ ಪರದೇಶಿಗಳೆಂದು ಹೆಸರು. ವಿಚಿತ್ರವೆಂದರೆ, ಪರದೇಶಿಗಳೇ ಮೇಲಿನ ಪಂಕ್ತಿಯವರಾಗಿ, ಮೊದಲಿನಿಂದ ಇದ್ದವರು ಕೆಳಗಿನ ಪಂಕ್ತಿಯವರಾದರು. ಇವರು ‘ಬಿಳಿಯ ಯೆಹೂದ್ಯರು’, ಅವರು ‘ಕರಿಯ ಯೆಹೂದ್ಯರು’ ಎಂಬ ಹೆಸರುಗಳು ರೂಢಿಗೆ ಬಂದವು. ಈ ಭೇದವನ್ನು ಕುರಿತು ೧೬ನೆಯ ಶತಮಾನದಲ್ಲಿಯೇ ಈಜಿಪ್ಟಿನ ಪ್ರಸಿದ್ಧ ಧರ್ಮಾಧಿಕಾರಿಯಾದ ರಬ್ಬಿ ದಾವೀದ್ ಇಬ್ನ್ ಅಬಿ ಜಿಮ್ರಾನಿಗೆ ಪ್ರಶ್ನೆಯನ್ನು ಬರೆದು ಕಳುಹಿಸಲಾಯಿತು. ಸ್ನಾನವಿಧಿಯಿಂದ ಸಂಶಯವನ್ನು ಪರಿಹರಿಸಿಕೊಂಡರೆ ಅವರೊಡನೆ ವಿವಾಹಕ್ಕೂ ಅಡ್ಡಿಯಿಲ್ಲವೆಂದು ಅವನು ತೀರ್ಪಿತ್ತನು. ತೀರ್ಪು ಕೊಚ್ಚಿಗೆ ಬಂದಿತು, ಪದ್ಧತಿಯು ಬದಲಾಗಲಿಲ್ಲ. ಶಾಸ್ತ್ರಕ್ಕಿಂತ ರೂಢಿಯೇ ಬಲವೆಂಬ ನಮ್ಮವರ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

ಪರದೇಶಿಗಳ ಸಭಾಮಂದಿರದೊಳಗೇ ಮತ್ತೊಂದು ಪಂಕ್ತಿಯಿತ್ತು. ದಾಸ್ಯದಿಂದ ಬಿಡುಗಡೆ ಹೊಂದಿದವರು ಮತ್ತು ಅವರ ಸಂತತಿಯವರು ‘ಮೆಷುಖ್ರಾರಿಮ್’, ಎಂದರೆ ವಿಮುಕ್ತರು, ಎಂದು ಕರೆಯಲ್ಪಡುತ್ತಿದ್ದರು. ಅವರು ಯೆಹೂದ್ಯರೆಂಬುದರಲ್ಲಿ ವಿವಾದವಿರಲಿಲ್ಲ. ಆದರೆ ಪೀಠಗಳಲ್ಲಿ ಕೂರುವ ಹಕ್ಕು ಅವರಿಗಿರಲಿಲ್ಲ; ನೆಲದ ಮೇಲೆ ಅಥವಾ ಹೊರಾಂಗಣದಲ್ಲಿ ಕುಳಿತು ಪ್ರಾರ್ಥನೆಯನ್ನು ಕೇಳಬೇಕಾಗಿತ್ತು. ತೋರಾಗ್ರಂಥವನ್ನು ಓದಲು ಅವರನ್ನು ಕರೆಯುತ್ತಿರಲಿಲ್ಲ.

ಈ ವರ್ಗದಲ್ಲಿ ೧೮೮೨ರಲ್ಲಿ ಹುಟ್ಟಿದ ಅಬ್ರಹಾಂ ಬರಾಕ್ ಸೇಲಂ ಅವರು ಮದರಾಸಿನಲ್ಲಿ ನ್ಯಾಯಶಾಸ್ತ್ರವನ್ನು ಓದಿ, ತಮ್ಮವರಲ್ಲಿ ಮೊದಲನೆಯ ಪದವೀಧರರಾಗಿ ಹಿಂದಿರುಗಿದರು. ಅನ್ಯಮತೀಯರ ನಡುವೆ ಕಾಲೇಜಿನ ಬೆಂಚಿನಲ್ಲಿ ಸಮಾನನಾಗಿ ಕುಳಿತುಬಂದವನು ಸ್ವಮತೀಯರ ಸಭಾಮಂದಿರದಲ್ಲಿ ನೆಲದ ಮೇಲೆ ಕೂರಬೇಕಾದ ಸ್ಥಿತಿಯ ವೈಪರೀತ್ಯವನ್ನು ವಿವರಿಸಬೇಕಾಗಿಲ್ಲ. ಸೇಲಂ ಅವರು ಕೊಚ್ಚಿಯ ಶಾಸನಸಭೆಯ ಸದಸ್ಯರಾದರು. ರಾಷ್ಟ್ರೀಯ ಚಳವಳಿಗೆ ಸೇರಿ ೧೯೨೯ರ ಲಾಹೋರ್ ಕಾಂಗ್ರೆಸ್ಸಿಗೆ ಹೋಗಿಬಂದರು. ಸತ್ಯಾಗ್ರಹದ ಮಾರ್ಗವನ್ನು ಅವರು ಸಭಾಮಂದಿರದೊಳಕ್ಕೇ ತಂದರು: ನಿಷಿದ್ಧವಾದ ಸ್ಥಳದಲ್ಲಿ ಮಕ್ಕಳೊಡನೆ ಕೂರುವುದು, ಒಮ್ಮೊಮ್ಮೆ ಮಂದಿರಕ್ಕೆ ಹೋಗುವುದನ್ನೇ ಬಿಡುವುದು, ಮತ್ತೆ ಬಂದು ಕೂರುವುದು. ‘ಯೆಹೂದ್ಯ ಗಾಂಧಿ’ ಎಂದು ಜನರು ಅವರನ್ನು ಕರೆದದ್ದು ಈ ಕಾರಣದಿಂದ. ನಿರ್ಬಂಧಗಳು ಒಂದೊಂದಾಗಿ ಸಡಿಲವಾದವು. ಪೀಠವು ದೊರೆಯಿತು, ಗ್ರಂಥಪಠನದ ಹಕ್ಕೂ ದೊರೆಯಿತು. ಆದರೂ ೧೯೫೦ರಲ್ಲಿ ಅವರ ಮಗನೊಬ್ಬನು ಪರದೇಶಿ ಮನೆತನದ ಕನ್ಯೆಯನ್ನು ವರಿಸಿದಾಗ ಮದುವೆಯು ಕೊಚ್ಚಿಯಲ್ಲಿ ನಡೆಯದೆ ಮುಂಬಯಿಯಲ್ಲಿ ನಡೆಯಬೇಕಾಯಿತು. ವಿದ್ಯೆಯು ಪೀಠವನ್ನು ಗಳಿಸಿಕೊಟ್ಟಿತು. ಸಂಬಂಧವನ್ನು ಗಳಿಸಲು ಇನ್ನೂ ಕಾಲ ಬೇಕಾಗಿತ್ತು.

ಇಲ್ಲಿ ಕಾವಲುಗಾರನು ಹೇಳಿದ ಕಾರಣವು ದಾಸ್ಯದ ಹುಟ್ಟು. ಧರ್ಮದ ದೃಷ್ಟಿಯಿಂದ ಅದು ಎಂದೋ ಮುಗಿದ ಸಂಗತಿ. ವಿಮುಕ್ತನೆಂಬ ಹೆಸರೇ ಅದನ್ನು ಹೇಳುತ್ತದೆ. ಆ ಹೆಸರನ್ನೇ ತಲೆಮಾರುಗಳವರೆಗೆ ಬಿಡದೆ ಇಟ್ಟುಕೊಂಡದ್ದರಿಂದ ಬಿಡುಗಡೆಯು ಒಂದು ಹೊಸ ಬಂಧನವಾಯಿತು.

೩

ಎರಡನೆಯ ಪ್ರಸಂಗವು ಕೊಂಕಣದ ಬೆನೆ ಇಸ್ರಾಯೇಲರದು. ಇವರು ಗಾಣದ ಕಸುಬಿನವರು. ಶನಿವಾರ ಗಾಣವನ್ನು ನಿಲ್ಲಿಸುತ್ತಿದ್ದುದರಿಂದ ಮರಾಠಿಯಲ್ಲಿ ಇವರಿಗೆ ‘ಶನಿವಾರ ತೇಲಿ’ ಎಂದು ಹೆಸರು ಬಂದಿತು. ೧೯ನೆಯ ಶತಮಾನದಲ್ಲಿ ಇವರಲ್ಲಿ ಅನೇಕರು ಮುಂಬಯಿಯಲ್ಲಿ ನೆಲಸಿರುವಾಗ, ೧೮೩೨ರಲ್ಲಿ ಡೇವಿಡ್ ಸಾಸೂನನು ಅಲ್ಲಿಗೆ ಬಂದನು. ಅವನೊಡನೆಯೂ ಅವನ ಹಿಂದೆಯೂ ಬಾಗ್ದಾದಿನ ಯೆಹೂದ್ಯ ವರ್ತಕರು ಬಂದರು. ಮೊದಮೊದಲು ಎರಡು ಪಂಗಡಗಳೂ ಒಂದೇ ಮಂದಿರದಲ್ಲಿ ಪ್ರಾರ್ಥಿಸುತ್ತಿದ್ದುವು. ಕಾಲಕ್ರಮದಲ್ಲಿ ಮಂದಿರಗಳು ಬೇರೆಯಾದುವು. ಶ್ಮಶಾನದಲ್ಲಿಯೂ ನಡುವೆ ಗೋಡೆ ಬೇಕೆಂಬ ಮಾತು ಬಂದಿತು. ಶಾಲೆಗಳೂ ಎರಡಾದುವು. ಹಾಯೀಮ್ ಸಾಮ್ಯುವೆಲ್ ಕೇಹಿಮ್ಕರ್ ಅವರ ಪ್ರಯತ್ನದಿಂದ ೧೮೭೫ರಲ್ಲಿ ಬೆನೆ ಇಸ್ರಾಯೇಲರ ಶಾಲೆಯು ಸ್ಥಾಪಿತವಾಯಿತು. ಬೈಕಲಾದಲ್ಲಿ ಸಾಸೂನರ ಹೆಸರಿನ ಶಾಲೆಯು ಮುಖ್ಯವಾಗಿ ಬಾಗ್ದಾದಿ ಮಕ್ಕಳಿಗಾಗಿ ನಡೆಯಿತು. ಒಂದೇ ಊರಿನಲ್ಲಿ, ಒಂದೇ ಮತದ ಮಕ್ಕಳು, ಒಂದೇ ಹೀಬ್ರೂ ಅಕ್ಷರಗಳನ್ನು ಎರಡು ಕಡೆ ತಿದ್ದುತ್ತಿದ್ದರು.

ಇದಕ್ಕೆ ಬಾಗ್ದಾದಿಯರು ಕೊಟ್ಟ ಕಾರಣವೆಂದರೆ, ಬೆನೆ ಇಸ್ರಾಯೇಲರು ಬಹುಕಾಲ ರಬ್ಬಿಗಳ ಸಂಪರ್ಕವಿಲ್ಲದೆ ಬಾಳಿದವರಾದುದರಿಂದ ಅವರ ವಿವಾಹ, ವಿವಾಹವಿಚ್ಛೇದನಗಳ ಕ್ರಮವು ಶುದ್ಧವೆಂದು ಹೇಳಲಾಗದೆಂಬುದು. ಬಾಗ್ದಾದಿಯರು ಆಂಗ್ಲ ಸರಕಾರದ ಕಣ್ಣಿಗೆ ತಾವು ಐರೋಪ್ಯರ ಸಮೀಪದವರಾಗಿ ಕಾಣಬೇಕೆಂದು ಬಯಸುತ್ತಿದ್ದ ಕಾಲ ಅದು. ದೇಶೀಯರಂತೆ ಕಾಣುವ ಸ್ವಮತೀಯರ ಸಾಮೀಪ್ಯವು ಆ ಬಯಕೆಗೆ ಅನುಕೂಲವಾಗಿರಲಿಲ್ಲ. ಎಂದಮಾತ್ರಕ್ಕೆ ಎರಡು ಪಂಗಡಗಳ ನಡುವೆ ಸದ್ಭಾವವೇ ಇರಲಿಲ್ಲವೆಂದು ಹೇಳಲಾಗದು. ಬೆನೆ ಇಸ್ರಾಯೇಲರ ಶಾಲೆಯು ಬಾಗ್ದಾದಿನಲ್ಲಿ ಹುಟ್ಟಿದ ಸರ್ ಎಲಿ ಕದೂರಿಯವರ ಧನಸಹಾಯವನ್ನು ಪಡೆದು, ಮುಂದೆ ಅವರ ಹೆಸರನ್ನೇ ಹೊಂದಿತು. ಆ ಶಾಲೆಯಲ್ಲಿ ಬಹುಕಾಲ ಮುಖ್ಯೋಪಾಧ್ಯಾಯಿನಿಯಾಗಿದ್ದ ರೆಬೆಕಾ ರೂಬೆನ್ ಅವರು ಬೆನೆ ಇಸ್ರಾಯೇಲರ ವಿದ್ಯಾಭಿವೃದ್ಧಿಗೆ ತಮ್ಮ ಆಯುಷ್ಯವನ್ನೇ ಮುಡಿಪಾಗಿಟ್ಟರು.

ಇಸ್ರೇಲ್ ರಾಷ್ಟ್ರವು ೧೯೪೮ರಲ್ಲಿ ಸ್ಥಾಪಿತವಾದಮೇಲೆ ಬೆನೆ ಇಸ್ರಾಯೇಲರಲ್ಲಿ ಸಹಸ್ರಾರು ಮಂದಿ ಅಲ್ಲಿಗೆ ಹೋದರು. ಹಳೆಯ ಸಂಶಯವೂ ಅವರೊಡನೆ ಪ್ರಯಾಣಮಾಡಿತು. ಬೆನೆ ಇಸ್ರಾಯೇಲರಲ್ಲಿ ಯಾರಾದರೂ ತಮ್ಮವರಲ್ಲದ ಯೆಹೂದ್ಯರನ್ನು ಮದುವೆಯಾಗಲು ಬಂದರೆ, ತಾಯಿಯ ಕಡೆಯ ವಂಶವನ್ನು ಸಾಧ್ಯವಾದಷ್ಟು ಹಿಂದಕ್ಕೆ ಹೋಗಿ ವಿಚಾರಿಸಬೇಕೆಂದು ೧೯೬೨ರಲ್ಲಿ ಅಲ್ಲಿಯ ಪ್ರಧಾನ ರಬ್ಬಿಗಳ ಪೀಠವು ನಿಬಂಧನೆಗಳನ್ನು ಹೊರಡಿಸಿತು. ಎರಡು ವರ್ಷಗಳ ಕ್ಷೋಭೆಯಾಯಿತು. ೧೯೬೪ರ ಬೇಸಗೆಯಲ್ಲಿ ಬೆನೆ ಇಸ್ರಾಯೇಲರು ಯೆರೂಸಲೇಮಿನಲ್ಲಿ ಬಹಿರಂಗವಾಗಿ ಪ್ರತಿಭಟಿಸಿದರು. ಅವರು ಎಲ್ಲ ವಿಧದಲ್ಲಿಯೂ ಪೂರ್ಣ ಯೆಹೂದ್ಯರೆಂದು ಆ ವರ್ಷ ಆಗಸ್ಟಿನಲ್ಲಿ ಅಲ್ಲಿಯ ಪಾರ್ಲಿಮೆಂಟಾದ ಕ್ನೆಸೆಟ್ ಘೋಷಿಸಿತು. ಬಳಿಕ ರಬ್ಬಿಗಳ ಪೀಠವು ನಿಬಂಧನೆಗಳನ್ನು ತಿದ್ದಿತು.

ಈ ತಿದ್ದುಪಡಿಯ ಸ್ವರೂಪವು ನಮ್ಮ ವಿಷಯಕ್ಕೆ ಬಹು ಮುಖ್ಯ. ವಂಶವಿಚಾರಣೆಯನ್ನೇ ರದ್ದುಗೊಳಿಸಲಿಲ್ಲ. ನಿಬಂಧನೆಯಲ್ಲಿದ್ದ ‘ಬೆನೆ ಇಸ್ರಾಯೇಲ್’ ಎಂಬ ಹೆಸರನ್ನು ತೆಗೆದು, ವಂಶದ ವಿಷಯದಲ್ಲಿ ಸಂಶಯವಿರುವ ಯಾರನ್ನೇ ಆಗಲಿ ವಿಚಾರಿಸಬಹುದೆಂಬ ಸಾಮಾನ್ಯ ನಿಯಮವನ್ನು ಇಟ್ಟರು. ಪ್ರಶ್ನೆಯು ಉಳಿಯಿತು, ಒಂದು ಪಂಗಡಕ್ಕೆ ಮಾತ್ರ ಅದು ಮೀಸಲೆಂಬುದು ಹೋಯಿತು. ಬೆನೆ ಇಸ್ರಾಯೇಲರು ಹೋರಾಡಿದುದು ಇಷ್ಟಕ್ಕಾಗಿಯೇ.

೪

ಮೂರನೆಯ ಪ್ರಸಂಗದಲ್ಲಿ ಮಕ್ಕಳೇ ಮುಂದೆ ಬರುತ್ತಾರೆ. ಇಥಿಯೋಪಿಯದ ಯೆಹೂದ್ಯರು ತಮ್ಮನ್ನು ‘ಬೇಟಾ ಇಸ್ರಾಯೇಲ್’ ಎಂದು ಕರೆದುಕೊಳ್ಳುತ್ತಾರೆ. ರಬ್ಬಿಗಳ ಗ್ರಂಥಗಳ ಪರಿಚಯವಿಲ್ಲದೆ, ಗೀಜ್ ಭಾಷೆಯ ಧರ್ಮಗ್ರಂಥವನ್ನೂ ‘ಕೇಸ್’ ಎಂಬ ತಮ್ಮ ಪುರೋಹಿತರನ್ನೂ ಆಶ್ರಯಿಸಿ ಶತಮಾನಗಳ ಕಾಲ ಬಾಳಿದವರು ಅವರು. ೧೯೭೩ರಲ್ಲಿ ರಬ್ಬಿ ಓವಾದಿಯ ಯೋಸೇಫ್ ಅವರು ಇವರನ್ನು ಯೆಹೂದ್ಯರೆಂದು ಅಂಗೀಕರಿಸಿದರು. ೧೯೭೫ರಲ್ಲಿ ಸರಕಾರವು ಸ್ವದೇಶಾಗಮನದ ಕಾನೂನನ್ನು ಅವರಿಗೂ ಅನ್ವಯಿಸಿತು. ೧೯೮೪ರ ನವೆಂಬರಿನಿಂದ ೧೯೮೫ರ ಜನವರಿಯವರೆಗೆ ಸುಮಾರು ೮,೦೦೦ ಮಂದಿಯನ್ನು ಸೂಡಾನಿನಿಂದ ವಿಮಾನಗಳಲ್ಲಿ ಕರೆತಂದರು. ೧೯೯೧ರ ಮೇ ತಿಂಗಳಲ್ಲಿ ಎರಡು ದಿನಗಳೂ ತುಂಬದ ಅವಧಿಯೊಳಗೆ ೧೪,೦೦೦ಕ್ಕೂ ಹೆಚ್ಚು ಮಂದಿ ಅಡಿಸ್ ಅಬಾಬದಿಂದ ಬಂದಿಳಿದರು. ಕರಿಯ ಜನರನ್ನು ಬಂಧುಗಳೆಂದು ಕರೆದು ಒಂದು ರಾಷ್ಟ್ರವು ಇಷ್ಟು ಸಾಹಸದಿಂದ ತನ್ನ ನೆಲಕ್ಕೆ ತಂದುಕೊಂಡ ಉದಾಹರಣೆಯು ಅಪೂರ್ವವೆಂದೇ ಹೇಳಬೇಕು.

ಬಂದಮೇಲೆ ನಡೆದುದು ಬೇರೆ. ಯೆಹೂದ್ಯರೆಂದು ಅಂಗೀಕೃತರಾದವರಿಗೇ ರಬ್ಬಿಗಳ ಪೀಠವು ಮತಸ್ವೀಕಾರದ ಕೆಲವು ವಿಧಿಗಳನ್ನು ಕಡ್ಡಾಯಮಾಡಿತು. ಇದನ್ನು ವಿರೋಧಿಸಿ ೧೯೮೫ರಲ್ಲಿ ಅವರು ಪೀಠದ ಎದುರಿನಲ್ಲಿಯೇ ವಾರಗಟ್ಟಲೆ ಧರಣಿ ಕುಳಿತರು. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಅವರ ಇಥಿಯೋಪಿಯದ ಹೆಸರುಗಳನ್ನು ತೆಗೆದು ಹೀಬ್ರೂ ಹೆಸರುಗಳನ್ನಿಟ್ಟರು. ಬಹುಮಂದಿ ಬಾಲಕಬಾಲಿಕೆಯರನ್ನು ಧಾರ್ಮಿಕ ವಸತಿಶಾಲೆಗಳಿಗೆ ಕಳುಹಿಸಿದುದರಿಂದ ಅವರು ತಂದೆತಾಯಿಗಳ ಭಾಷೆಯಿಂದಲೂ ಕೇಸರ ಬೋಧನೆಯಿಂದಲೂ ದೂರವಾದರು. ಇದರಲ್ಲಿ ದ್ವೇಷಕ್ಕಿಂತ ಹೆಚ್ಚಾಗಿ ಹಿತಚಿಂತನೆಯೇ ಇತ್ತೆಂಬುದನ್ನು ಒಪ್ಪಬೇಕು. ಆದರೆ ಮನೆಯಿಂದ ತಂದುದನ್ನೆಲ್ಲ ಬಾಗಿಲಲ್ಲಿ ಇಳಿಸಿಬಂದರೆ ಮಾತ್ರ ಒಳಗೆ ಸ್ಥಳವೆಂಬ ಹಿತಚಿಂತನೆಯು ಅತಿಥಿಗೆ ಕೊಡುವ ಗೌರವವಾಗಲಾರದು.

೨೦೦೭ರಲ್ಲಿ ಪೆತಾಹ್ ತಿಕ್ವಾ ನಗರದ ಒಂದು ಧಾರ್ಮಿಕ ಶಾಲೆಯಲ್ಲಿ ಇಥಿಯೋಪಿಯ ಮೂಲದ ನಾಲ್ವರು ಬಾಲಿಕೆಯರನ್ನು ಪ್ರತ್ಯೇಕ ಕೊಠಡಿಯಲ್ಲಿ ಕುಳ್ಳಿರಿಸಿ ಪ್ರತ್ಯೇಕವಾಗಿ ಪಾಠಹೇಳುತ್ತಿದ್ದುದು ಬೆಳಕಿಗೆ ಬಂದಿತು. ಬಿಡುವಿನ ವೇಳೆಯೂ ಅವರಿಗೆ ಬೇರೆಯಾಗಿತ್ತು. ೨೦೦೯ರಲ್ಲಿ ಶಾಲೆಗಳು ಆರಂಭವಾಗುವ ಸಮಯದಲ್ಲಿ ಅದೇ ನಗರದ ಕೆಲವು ಖಾಸಗಿ ಧಾರ್ಮಿಕ ಶಾಲೆಗಳು ಇಥಿಯೋಪಿಯ ಮೂಲದ ಮಕ್ಕಳನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಸರಕಾರವು ಧನಸಹಾಯವನ್ನು ನಿಲ್ಲಿಸುವುದಾಗಿ ಎಚ್ಚರಿಸಿದಮೇಲೆ ಮಕ್ಕಳಿಗೆ ಸ್ಥಳವನ್ನು ಒದಗಿಸಲಾಯಿತು. ಇಂಥ ಪ್ರಸಂಗಗಳಲ್ಲಿ ಶಾಲೆಗಳು ಮುಂದಿಡುವ ಕಾರಣಗಳು ಎರಡು: ಮಕ್ಕಳ ಪಾಠದ ಮಟ್ಟವು ಸಾಲದೆಂಬುದೊಂದು, ಮನೆಯ ಧರ್ಮಾಚರಣೆಯು ಸಾಲದೆಂಬುದಿನ್ನೊಂದು. ಇವೆರಡೂ ಪರೀಕ್ಷಿಸಿ ತಿಳಿಯತಕ್ಕ ಸಂಗತಿಗಳು. ಒಂದೊಂದು ಮಗುವನ್ನೂ ಪರೀಕ್ಷಿಸಿ ತಿಳಿಯಬೇಕಾದುದನ್ನು ಒಂದು ಮೂಲದ ಮಕ್ಕಳೆಲ್ಲರ ಮೇಲೆ ಮುಂಗಡವಾಗಿಯೇ ಹೊರಿಸುವಲ್ಲಿ ದೋಷವಿದೆ.

ಇಸ್ರೇಲ್ ಸರಕಾರವು ಈ ಅನುಭವಗಳನ್ನು ಕಡೆಗಣಿಸಿತೆಂದು ಹೇಳಲಾಗದು. ಇಥಿಯೋಪಿಯ ಯೆಹೂದ್ಯರ ಸಿಗ್ದ್ ಎಂಬ ಹಬ್ಬವನ್ನು ೨೦೦೮ರಲ್ಲಿ ಕಾನೂನಿನ ಮೂಲಕ ರಾಷ್ಟ್ರೀಯ ಹಬ್ಬಗಳಲ್ಲಿ ಸೇರಿಸಲಾಯಿತು. ಅವರ ವಿಷಯದಲ್ಲಿ ನಡೆಯುವ ಜನಾಂಗಭೇದವನ್ನು ವಿಚಾರಿಸಲು ನ್ಯಾಯಾಂಗ ಸಚಿವಾಲಯದ ಮುಖ್ಯಾಧಿಕಾರಿಣಿಯಾಗಿದ್ದ ಎಮಿ ಪಾಲ್ಮೋರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ೨೦೧೬ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಮಗುವಾಗಿದ್ದಾಗ ಇಥಿಯೋಪಿಯದಿಂದ ಬಂದ ಪ್ನೀನಾ ತಮಾನೋ-ಶಾತಾ ಅವರು ೨೦೧೩ರಲ್ಲಿ ಕ್ನೆಸೆಟ್ ಸದಸ್ಯೆಯಾಗಿ, ೨೦೨೦ರಲ್ಲಿ ಸಚಿವೆಯಾದರು.

೫

ಭೇದವು ಕಪ್ಪು ಮತ್ತು ಬಿಳುಪುಗಳ ನಡುವೆ ಮಾತ್ರವೆಂದು ಭಾವಿಸಬಾರದು. ಐರೋಪ್ಯ ಮೂಲದ ಅಷ್ಕೆನಾಜಿಗಳಿಗೂ, ಸ್ಪೇನ್ ಮತ್ತು ಪ್ರಾಚ್ಯದೇಶಗಳ ಮೂಲದ ಸೆಫಾರ್ದಿಗಳಿಗೂ ನಡುವಿನ ಅಂತರವೇ ಇಸ್ರೇಲಿನಲ್ಲಿ ಹೆಚ್ಚು ಜನರನ್ನು ಮುಟ್ಟಿದುದು. ಎರಡು ಮೂಲಗಳ ಮಕ್ಕಳೂ ಒಂದೆಡೆ ಓದಬೇಕೆಂಬುದು ೧೯೬೮ರಲ್ಲಿ ಅಲ್ಲಿ ಆರಂಭಿಸಿದ ಮಾಧ್ಯಮಿಕ ಶಾಲಾಸುಧಾರಣೆಯ ಒಂದು ಮುಖ್ಯ ಉದ್ದೇಶವಾಗಿತ್ತು.

ಈ ಅಂತರದ ಅತ್ಯಂತ ಪ್ರಸಿದ್ಧವಾದ ವ್ಯಾಜ್ಯವು ಪಶ್ಚಿಮ ದಂಡೆಯಲ್ಲಿರುವ ಇಮ್ಮಾನುವೇಲ್ ಎಂಬ ವಸತಿಯ ಬಾಲಿಕಾಶಾಲೆಯದು. ೨೦೦೭ರಲ್ಲಿ ಆ ಶಾಲೆಯೊಳಗೆ ಹಸೀದೀಯ ಪಂಥದ ವಿಭಾಗವೆಂದು ಬೇರೆಯೊಂದನ್ನು ಮಾಡಿ, ಎರಡು ವಿಭಾಗಗಳ ನಡುವೆ ಗೋಡೆಯನ್ನೂ ಅಂಗಳದಲ್ಲಿ ಬೇಲಿಯನ್ನೂ ಹಾಕಿದರು. ಹೊಸ ವಿಭಾಗದಲ್ಲಿ ಅಷ್ಕೆನಾಜಿ ಬಾಲಿಕೆಯರೂ ಹಳೆಯದರಲ್ಲಿ ಸೆಫಾರ್ದಿ ಬಾಲಿಕೆಯರೂ ಅಧಿಕವಾಗಿದ್ದರು. ಭೇದವು ಆಚರಣೆಯ ಕಟ್ಟುನಿಟ್ಟಿಗೆ ಸಂಬಂಧಿಸಿದುದೇ ಹೊರತು ಮೂಲಕ್ಕಲ್ಲವೆಂದೂ, ಹೊಸ ವಿಭಾಗದಲ್ಲಿ ಸೆಫಾರ್ದಿ ಬಾಲಿಕೆಯರೂ ಇರುವರೆಂದೂ ತಂದೆತಾಯಿಗಳು ವಾದಿಸಿದರು. ಅವರ ಹೇಳಿಕೆಯಲ್ಲಿ ಸತ್ಯಾಂಶವಿತ್ತು; ಅಂಥ ಬಾಲಿಕೆಯರು ಕೆಲವರು ಇದ್ದದ್ದು ನಿಜ. ಆದರೆ ೨೦೦೯ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಭಜನೆಯು ಸಮಾನತೆಗೆ ವಿರುದ್ಧವೆಂದು ತೀರ್ಪಿತ್ತು, ಗೋಡೆಯನ್ನು ತೆಗೆಯಲು ಹೇಳಿತು. ತಂದೆತಾಯಿಗಳು ಮಕ್ಕಳನ್ನು ಶಾಲೆಗೆ ಕಳುಹಿಸದೆ ಹೋದರು. ೨೦೧೦ರ ಜೂನ್ ತಿಂಗಳಲ್ಲಿ ತಂದೆಯರನೇಕರು ನ್ಯಾಯಾಲಯನಿಂದನೆಗಾಗಿ ಸೆರೆಮನೆಗೆ ಹೋದಾಗ ಅವರ ಬೆಂಬಲಕ್ಕೆ ಯೆರೂಸಲೇಮಿನಲ್ಲಿಯೂ ಬ್ನೇ ಬ್ರಾಕಿನಲ್ಲಿಯೂ ಲಕ್ಷದಷ್ಟು ಜನರು ನೆರೆದರು.

ಒಂದು ಧರ್ಮಪಂಥವು ತನ್ನ ಮಕ್ಕಳನ್ನು ತನ್ನ ಕ್ರಮದಲ್ಲಿ ಬೆಳೆಸುವ ಹಕ್ಕು ಲಘುವಾದುದಲ್ಲ. ಅಲ್ಪಸಂಖ್ಯಾತವಾದ ಯಾವ ಸಮಾಜವೂ ತನ್ನ ಎಲ್ಲೆಯನ್ನು ಕಾಯದೆ ಬಹುಕಾಲ ಉಳಿಯಲಾರದೆಂಬ ವಾದವೂ ಅಲ್ಲಗಳೆಯತಕ್ಕುದಲ್ಲ. ಆದರೂ ಗಮನಿಸಬೇಕಾದುದು ಇಷ್ಟು. ಕಟ್ಟುನಿಟ್ಟೆಂಬ ಜರಡಿಯಲ್ಲಿ ಸೋಸಿದಾಗ ಒಂದು ಮೂಲದವರು ಬಹುಮಟ್ಟಿಗೆ ಮೇಲೆ ಉಳಿದು, ಇನ್ನೊಂದು ಮೂಲದವರು ಬಹುಮಟ್ಟಿಗೆ ಕೆಳಗೆ ಬಿದ್ದರೆ, ಜರಡಿಯ ಕಣ್ಣುಗಳನ್ನು ಮೊದಲು ಪರೀಕ್ಷಿಸುವುದು ವಿವೇಕ. ನಿಯಮದಲ್ಲಿ ಕುಲದ ಹೆಸರಿಲ್ಲವೆಂದ ಮಾತ್ರಕ್ಕೆ ಅದರ ಫಲದಲ್ಲಿಯೂ ಕುಲವಿಲ್ಲವೆಂದು ಸಿದ್ಧವಾಗುವುದಿಲ್ಲ.

೬

ಕೊನೆಯ ಪ್ರಸಂಗದಲ್ಲಿ ಗೋಡೆಯೂ ಇಲ್ಲ, ಬೇಲಿಯೂ ಇಲ್ಲ. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಯೆಹೂದ್ಯ ವಿದ್ಯಾರ್ಥಿಗಳ ಅತ್ಯಂತ ದೊಡ್ಡ ಸಂಸ್ಥೆಯಾದ ಹಿಲ್ಲೆಲ್ ೧೯೨೩ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಪ್ರಾರಂಭವಾಯಿತು. ಅದು ಯಾವ ಪ್ರಾಚೀನ ಗುರುವಿನ ಹೆಸರನ್ನು ಹೊತ್ತಿದೆಯೋ ಅವನೂ ಒಮ್ಮೆ ಹೊರಗೆ ನಿಂತ ವಿದ್ಯಾರ್ಥಿಯೇ: ದ್ವಾರಪಾಲಕನಿಗೆ ಕೊಡಲು ಹಣವಿಲ್ಲದೆ, ಮಾಡಿನ ಬೆಳಕಂಡಿಯ ಮೇಲೆ ಮಲಗಿ ಪಾಠ ಕೇಳುತ್ತಿದ್ದು, ಹಿಮದಲ್ಲಿ ಹೂತುಹೋಗಿದ್ದನೆಂದು ತಾಲ್ಮೂದು ಹೇಳುತ್ತದೆ. ಇಂಥ ಸಂಸ್ಥೆಯ ಬಾಗಿಲು ಯಾವ ಯೆಹೂದ್ಯನಿಗೂ ಮುಚ್ಚಿಲ್ಲ. ಆದರೆ ಒಳಗೆ ಬಂದ ಕರಿಯ ಅಥವಾ ಚೀನೀ, ಕೊರಿಯ ಮುಖಚರ್ಯೆಯ ವಿದ್ಯಾರ್ಥಿಗೆ ಒಂದು ಪ್ರಶ್ನೆಯು ಕಾದಿರುತ್ತದೆ: ನೀನು ಯೆಹೂದ್ಯನಾದುದು ಹೇಗೆ? ಕೇಳುವವರಲ್ಲಿ ಬಹುಮಂದಿಗೆ ಕುತೂಹಲವೇ ಹೊರತು ಕುಹಕವಿಲ್ಲ. ಆದರೆ ಪಕ್ಕದಲ್ಲಿರುವ ಬಿಳಿಯ ವಿದ್ಯಾರ್ಥಿಯನ್ನು, ಅವನ ತಾಯಿಯು ಯೆಹೂದ್ಯಳಲ್ಲದಿದ್ದರೂ, ಯಾರೂ ಹಾಗೆ ಕೇಳುವುದಿಲ್ಲ.

ಇದರ ಮೂಲವನ್ನು ಸಂಖ್ಯೆಗಳಲ್ಲಿ ಕಾಣಬಹುದು. ಪ್ಯೂ ಸಂಶೋಧನಾ ಕೇಂದ್ರದ ೨೦೨೦ರ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕ ಯೆಹೂದ್ಯರಲ್ಲಿ ನೂರಕ್ಕೆ ೬೬ ಮಂದಿ ತಾವು ಅಷ್ಕೆನಾಜಿಗಳೆಂದು ಹೇಳಿದರು. ಸೆಫಾರ್ದಿಗಳು ನೂರಕ್ಕೆ ೩, ಪ್ರಾಚ್ಯದೇಶಗಳವರು ೧. ತಾವು ಬಿಳಿಯರೆಂದು ಹೇಳಿದವರು ನೂರಕ್ಕೆ ೯೨. ಬಹುಸಂಖ್ಯಾತರ ಅಡುಗೆ, ಉಪನಾಮ, ಹಾಸ್ಯ, ಉಚ್ಚಾರಣೆಗಳು ಯೆಹೂದ್ಯತ್ವದ ಒಂದು ಬಗೆಯೆಂಬುದು ಮರೆತುಹೋಗಿ, ಅವೇ ಯೆಹೂದ್ಯತ್ವವೆಂಬ ಭಾವನೆ ಬೆಳೆದರೆ ಆಶ್ಚರ್ಯವಿಲ್ಲ. ಅದೇ ಸಮೀಕ್ಷೆಯಂತೆ ೧೮ರಿಂದ ೨೯ ವರ್ಷದವರಲ್ಲಿ, ಎಂದರೆ ವಿದ್ಯಾರ್ಥಿಗಳ ವಯಸ್ಸಿನವರಲ್ಲಿ, ಬಿಳಿಯರಲ್ಲದವರ ಪ್ರಮಾಣವು ನೂರಕ್ಕೆ 1೫. ಒಟ್ಟು ಸಂಖ್ಯೆಯ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ: ೨೦೧೯ರ ಒಂದು ಅಧ್ಯಯನವು ಬಿಳಿಯರಲ್ಲದ ಯೆಹೂದ್ಯರನ್ನು ನೂರಕ್ಕೆ ೧೨ರಿಂದ ೧೫ ಎಂದು ಎಣಿಸಿತು, ಮರುವರ್ಷ ಬೇರೆ ಇಬ್ಬರು ವಿದ್ವಾಂಸರು ಅದು ೬ರ ಸಮೀಪವೆಂದು ವಾದಿಸಿದರು. ೨೦೨೧ರಲ್ಲಿ ಇಂಥ ೧,೧೧೮ ಮಂದಿಯನ್ನು ವಿಚಾರಿಸಿದ ಮತ್ತೊಂದು ಅಧ್ಯಯನದಲ್ಲಿ ನೂರಕ್ಕೆ ೮೦ ಮಂದಿ ಯೆಹೂದ್ಯ ಸಮಾಜದ ಒಳಗೆಯೇ ಭೇದವನ್ನು ಅನುಭವಿಸಿದೆವೆಂದರು. ಉತ್ತರಿಸಿದವರು ಸ್ವೇಚ್ಛೆಯಿಂದ ಮುಂದೆ ಬಂದವರಾದುದರಿಂದ ಈ ಪ್ರಮಾಣವನ್ನು ಎಲ್ಲರಿಗೂ ಹಾಗೆಯೇ ಅನ್ವಯಿಸಲಾಗದು. ಆದರೂ ಅನುಭವವು ವಿರಳವಲ್ಲವೆಂಬುದಕ್ಕೆ ಅದು ಸಾಕಾದ ಸಾಕ್ಷ್ಯ.

ಪ್ರಶ್ನೆಯು ಎಷ್ಟು ಆಳಕ್ಕೆ ಇಳಿಯಬಲ್ಲುದೆಂಬುದಕ್ಕೆ ಆಂಜೆಲಾ ಬುಖ್‌ಡಾಲ್ ಅವರ ಜೀವನವೇ ನಿದರ್ಶನ. ಕೊರಿಯದ ಬೌದ್ಧ ತಾಯಿಗೂ ಅಮೆರಿಕದ ಯೆಹೂದ್ಯ ತಂದೆಗೂ ಸೋಲ್ ನಗರದಲ್ಲಿ ೧೯೭೨ರಲ್ಲಿ ಹುಟ್ಟಿದ ಇವರು ಯೆಹೂದ್ಯಳಾಗಿಯೇ ಬೆಳೆದರು. ತಂದೆಯ ಕಡೆಯಿಂದಲೂ ಯೆಹೂದ್ಯತ್ವವು ಬರಬಹುದೆಂದು ಅಮೆರಿಕದ ಸುಧಾರಕ ಪಂಥದ ರಬ್ಬಿಗಳು ೧೯೮೩ರಲ್ಲಿ ನಿರ್ಣಯಿಸಿದ್ದರೂ, ಓದುವ ದಿನಗಳಲ್ಲಿ ಸಹಪಾಠಿಗಳ ಸಂಶಯವನ್ನು ಎದುರಿಸಬೇಕಾಯಿತು. ಕೊನೆಗೆ ೨೧ನೆಯ ವಯಸ್ಸಿನಲ್ಲಿ ಮತಸ್ವೀಕಾರದ ವಿಧಿಗೆ ಒಳಗಾದರು. ಅದು ಹೊಸದಾಗಿ ಸೇರುವುದಲ್ಲ, ಇದ್ದುದನ್ನು ದೃಢಪಡಿಸಿಕೊಳ್ಳುವುದೆಂಬುದು ಅವರ ಭಾವನೆ. ಅವರು ೧೯೯೯ರಲ್ಲಿ ಪ್ರಾರ್ಥನಾಗಾಯಕಿಯಾಗಿಯೂ ೨೦೦೧ರಲ್ಲಿ ರಬ್ಬಿಯಾಗಿಯೂ ದೀಕ್ಷೆಪಡೆದರು. ಏಷ್ಯಾ ಮೂಲದ ಅಮೆರಿಕನ್ನರಲ್ಲಿ ಈ ಎರಡು ಪದವಿಗಳಿಗೂ ಅವರೇ ಮೊದಲಿಗರು. ೨೦೦೯ರಲ್ಲಿ ಅಲಿಸಾ ಸ್ಟಾಂಟನ್ ಅವರು ಹೀಬ್ರೂ ಯೂನಿಯನ್ ಕಾಲೇಜಿನಿಂದ ದೀಕ್ಷೆಪಡೆದು, ಆಫ್ರಿಕ ಮೂಲದ ಅಮೆರಿಕನ್ ಸ್ತ್ರೀಯರಲ್ಲಿ ಮೊದಲನೆಯ ರಬ್ಬಿಯಾದರು.

೭

ಈ ಐದು ಪ್ರಸಂಗಗಳನ್ನು ಒಟ್ಟಿಗೆ ನೋಡಿದಾಗ ತೋರುವ ಸಂಗತಿಯು ಇದು: ಕೊಚ್ಚಿಯಲ್ಲಿ ದಾಸ್ಯದ ಹುಟ್ಟು, ಮುಂಬಯಿಯಲ್ಲಿ ವಂಶದ ಶುದ್ಧಿ, ಪೆತಾಹ್ ತಿಕ್ವಾದಲ್ಲಿ ಪಾಠದ ಮಟ್ಟ, ಇಮ್ಮಾನುವೇಲಿನಲ್ಲಿ ಆಚರಣೆಯ ಕಟ್ಟುನಿಟ್ಟು, ಅಮೆರಿಕದಲ್ಲಿ ಬರಿಯ ಕುತೂಹಲ. ಕಾರಣಗಳು ಐದೂ ಬೇರೆ ಬೇರೆ. ಇವುಗಳಲ್ಲಿ ಒಂದೂ ಮೈಬಣ್ಣವಲ್ಲ. ಒಂದೊಂದೂ ಅದರದರ ಸ್ಥಾನದಲ್ಲಿ ಸಭ್ಯವಾದ ಮಾತೇ. ಆದರೆ ಐದು ಕಡೆಯಲ್ಲಿಯೂ ಆ ಮಾತಿಗೆ ಉತ್ತರಕೊಡಬೇಕಾಗಿ ಬಂದವರು ಮಾತ್ರ ಬಹುಸಂಖ್ಯಾತರಂತೆ ಅಥವಾ ಬಲಿಷ್ಠರಂತೆ ಕಾಣದವರು. ಆದುದರಿಂದ ಹೇಳಿದ ಕಾರಣವು ನ್ಯಾಯವೇ ಅಲ್ಲವೇ ಎಂದಷ್ಟೇ ವಿಚಾರಿಸಿದರೆ ಭೇದವು ಕೈಗೆ ಸಿಕ್ಕುವುದಿಲ್ಲ. ಆ ಪ್ರಶ್ನೆಯನ್ನು ಎಲ್ಲರಿಗೂ ಹಾಕಲಾಗುತ್ತಿದೆಯೇ ಎಂದು ವಿಚಾರಿಸಬೇಕು. ಬೆನೆ ಇಸ್ರಾಯೇಲರು ೧೯೬೪ರಲ್ಲಿ ಹಿಡಿದ ಒರೆಗಲ್ಲು ಇದೇ. ಉಳಿದ ಪ್ರಸಂಗಗಳಿಗೂ ಇದೇ ಸಾಕು.

ಮತ್ತೊಂದು ಅಂಶವೂ ವ್ಯಕ್ತವಾಗುತ್ತದೆ. ಹೊರಗಿನ ಆಜ್ಞೆಯು ಗೋಡೆಯನ್ನು ಕೆಡವಬಲ್ಲುದು, ಶಾಲೆಯ ಬಾಗಿಲನ್ನು ತೆರೆಸಬಲ್ಲುದು. ಅದರ ಪ್ರಯೋಜನವು ಅಲ್ಪವಲ್ಲ. ಆದರೆ ಪಂಕ್ತಿಯು ನಿಜವಾಗಿ ಒಂದಾಗುವುದು ಕೇಳಲು ಮಾತ್ರ ಬಂದವನು ಓದಿ ಹೇಳಲು ಎದ್ದು ನಿಂತಾಗ. ಸೇಲಂ ಅವರು ಹೋರಾಡಿದುದು ಪೀಠಕ್ಕಾಗಿ ಮಾತ್ರವಲ್ಲ, ತೋರಾವನ್ನು ಓದುವ ಹಕ್ಕಿಗಾಗಿ. ಸಿಗ್ದ್ ಹಬ್ಬವು ರಾಷ್ಟ್ರದ ಪಂಚಾಂಗಕ್ಕೆ ಸೇರಿದಾಗ, ಹೆಸರನ್ನೂ ಬಾಗಿಲಲ್ಲಿ ಬಿಟ್ಟುಬರಬೇಕಾಗಿದ್ದ ಮಕ್ಕಳ ಮನೆಯ ಆಚಾರವೇ ಪಾಠವಾಯಿತು. ಬುಖ್‌ಡಾಲ್, ಸ್ಟಾಂಟನ್ ಅವರಂಥವರು ಗುರುಪೀಠದಲ್ಲಿ ಕುಳಿತಮೇಲೆ, ಅವರ ಎದುರಿನ ಬೆಂಚಿನಲ್ಲಿರುವ ಬೇರೆ ಬಣ್ಣದ ವಿದ್ಯಾರ್ಥಿಯನ್ನು ನೀನು ಯೆಹೂದ್ಯನಾದುದು ಹೇಗೆಂದು ಕೇಳುವ ಮೊದಲು ಕೇಳುವವನು ತನ್ನ ಗುರುವಿನ ಮುಖವನ್ನು ನೋಡಬೇಕಾಗುತ್ತದೆ. ಒಂದು ಜನಾಂಗದ ಐಕ್ಯವು ಅದರ ಶಾಸ್ತ್ರದಲ್ಲಿ ಬರೆದಿದ್ದರೂ, ಅದನ್ನು ಪ್ರತಿಯೊಂದು ತಲೆಮಾರೂ ತನ್ನ ವಿದ್ಯಾಶಾಲೆಯಲ್ಲಿ ಮತ್ತೆ ಕಲಿಯಬೇಕಾಗಿರುತ್ತದೆ.